ಮಧ್ಯದ ಸೀಟು, ಎಡಗಡೆ ಕಿಟಕಿ

ನಮ್ಮ ಬಾಡಿಗೆ ಮನೆಯ ಅಡುಗೆಕೋಣೆ ಬಾಗಿಲ ಪಕ್ಕ ಎರಡು ಕ್ಯಾಲೆಂಡರ್ ನೇತಾಡ್ತವೆ. ಒಂದರಲ್ಲಿ ಇಂಟರ್ನಲ್ಸು, ಲ್ಯಾಬ್ ಎಕ್ಸಾಮು, ಪ್ರಾಜೆಕ್ಟ್ ರಿವ್ಯೂ. ಇನ್ನೊಂದರಲ್ಲಿ 21 ದಿನ ಹಸಿರು ಟಿಕ್, 7 ದಿನ ಖಾಲಿ, ಮತ್ತೆ 21 ದಿನ ಟಿಕ್. ಎರಡನೆಯದು ಅವ್ವನದು. ಅವ್ವ ಇರೋದು ಹಾವೇರಿ ಹತ್ತಿರದ ಒಂದು ಊರಲ್ಲಿ. ದಿನಾ ರಾತ್ರಿ ಊಟದ ಹೊತ್ತಿಗೆ ಫೋನ್ ಮಾಡಿ "ನುಂಗೀನಿ" ಅಂತಾರೆ, ಇಲ್ಲಿ ಯಾರ ಕೈಗೆ ಪೆನ್ನು ಸಿಗುತ್ತೋ ಅವರು ಟಿಕ್ ಹಾಕ್ತಾರೆ.

ನಾವು ಅಂದರೆ ನಾಲ್ಕು ಜನ. ಹೆಸರು ಬೇಡ, ಹಾಸ್ಟೆಲ್ಲಿನಲ್ಲಿ ಶುರುವಾದ ರೂಢಿಯೇ ಇರಲಿ: ಹಾವೇರಿ, ಶಿರಸಿ, ಹಾಸನ, ಕೋಲಾರ. ಅವ್ವ ಹಾವೇರಿಯ ತಾಯಿ. ಮೊದಲನೇ ವರ್ಷ ಉಳಿದ ಮೂವರೂ "ಆಂಟಿ" ಅಂತಿದ್ವಿ. "ಆಂಟಿ ಅಂದ್ರ ಬಸ್ಸಿನ್ಯಾಗ ಯಾರೋ ಸರಿದು ಕೂಡ್ರಿ ಅಂದಂಗ ಆಗತೈತಿ" ಅಂದರು. ಅವತ್ತಿಂದ ನಾಲ್ಕೂ ಜನಕ್ಕೆ ಅವ್ವ. ಇದನ್ನು ಕನ್ನಡ ಸಂಘದ ಪತ್ರಿಕೆಗೆ ಬರೀತೀವಿ ಅಂದಾಗ ಅವರು ಹಾಕಿದ್ದು ಒಂದೇ ಷರತ್ತು: "ಓದಿದವರು ಅಯ್ಯೋ ಪಾಪ ಅನ್ನೋ ಹಂಗ ಬರದ್ರ ನಿಮ್ಮ ಬ್ಲೌಸ್ ಹೊಲಿಯಂಗಿಲ್ಲ ನೋಡ್ರಿ."

ಅವ್ವ ಟೇಲರ್. ವಯಸ್ಸು 44. ಮನೆಯ ಮುಂದಿನ ಕೋಣೆಯಲ್ಲಿ ಮೆಷಿನ್ನು, ಗೋಡೆ ತುಂಬಾ ಕತ್ತರಿಸಿ ಅಂಟಿಸಿದ ಕುತ್ತಿಗೆ ಡಿಸೈನುಗಳು. ನಾವು ಎರಡನೇ ವರ್ಷದಲ್ಲಿದ್ದಾಗ ಅವರ ಎಡ ಎದೆಯಲ್ಲಿ ಗಂಟು ಸಿಕ್ಕಿತು. ದಿನಕ್ಕೆ ಹತ್ತು ಜನರ ಅಳತೆ ತೆಗೆಯುವ ಕೈಗೇ ಸಿಕ್ಕಿತು. ಬೆಂಗಳೂರಿನ ಕಿದ್ವಾಯಿಗೆ ಬಂದರು. ಆಪರೇಷನ್ನಲ್ಲಿ ಎಡಗಡೆಯದನ್ನು ಪೂರ್ತಿ ತೆಗೆದರು, ಆಮೇಲೆ ಕೀಮೋ, ರೇಡಿಯೇಷನ್. ಈ ಭಾಗ ಬೇಗ ಮುಗಿಸ್ತೀವಿ, ಯಾಕಂದ್ರೆ ಅವ್ವನೂ ಬೇಗ ಮುಗಿಸ್ತಾರೆ. 3 ವಾರಕ್ಕೊಂದು ಕೀಮೋ. ಮೊದಲ ವಾರ ಮಲಗೋದು, ಎರಡನೇ ವಾರ ಬಿಳಿ ರಕ್ತಕಣ ಇಳಿದು ಜ್ವರದ ಭಯ, ಮೂರನೇ ವಾರ ನಮ್ಮ ಜೊತೆ ಕೂತು ಧಾರಾವಾಹಿಗೆ ಬೈಯೋದು. ಚಿಕಿತ್ಸೆಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಉಳೀತಿದ್ದರು. ಬರ್ತಿದ್ದಿದ್ದು ರಾತ್ರಿ ರೈಲಿನಲ್ಲಿ. ಕ್ಯಾನ್ಸರ್ ರೋಗಿಗಳು ಚಿಕಿತ್ಸೆಗೆ ಓಡಾಡುವಾಗ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ರೈಲ್ವೆ ಪೂರ್ತಿ ರಿಯಾಯಿತಿ ಕೊಡುತ್ತೆ, ಜೊತೆಗೆ ಬರುವ ಒಬ್ಬರಿಗೆ 75 ಪರ್ಸೆಂಟ್. ಆಸ್ಪತ್ರೆಯಿಂದ ಫಾರ್ಮ್ ಬರೆಸಿಕೊಂಡು ಹೋಗಬೇಕು. ನಿಮ್ಮ ಮನೆಯವರಿಗೂ ಬೇಕಾಗಬಹುದು ಅಂತ ಹೇಳಿದ್ವಿ ಅಷ್ಟೆ.

ಈಗ ಬೇಗ ಮುಗಿಸದೇ ಇರೋ ವಿಷಯಕ್ಕೆ ಬರೋಣ.

ಕೆಂಪು ಔಷಧಿಯ ಮೊದಲ ಡೋಸ್ ಆಗಿ ಮೂರನೇ ವಾರಕ್ಕೆ ಕೂದಲು ಬಾಚಣಿಗೆಗೆ ಬಂತು. ಅವರ ಕಡೆ ಹೆಂಗಸರು ತಲೆ ಮೇಲೆ ಸೆರಗು ಹೊತ್ತುಕೊಳ್ಳೋದು ಹಳೇ ರೂಢಿ. ನೆಂಟರಿಗೆಲ್ಲ ಅದೇ ಸುಲಭ ಅನ್ನಿಸಿತು. ಇಳಕಲ್ ಸೀರೆಯ ಸೆರಗು ಒಂಚೂರು ಮುಂದಕ್ಕೆ ಎಳೆದುಕೊಂಡರೆ ಯಾರಿಗೆ ಏನು ಗೊತ್ತಾಗುತ್ತೆ? ಅವ್ವನ ಉತ್ತರ: "ಇಪ್ಪತ್ತು ವರ್ಷ ಅತ್ತಿ ಹೇಳಿದ್ರೂ ಹೊತ್ತಕೊಂಡಿಲ್ಲ. ಈಗ ಕ್ಯಾನ್ಸರ್ ಹೇಳ್ತಂತ ಹೊತ್ತಕೊಳ್ಳೇನು?" ಯಾರೋ ಒಂದು ವಿಗ್ ತಂದುಕೊಟ್ಟರು. ಒಂದು ದಿನ ಹಾಕಿಕೊಂಡು ಮೆಷಿನ್ ತುಳಿದರು. ಬಗ್ಗಿದಾಗಲೆಲ್ಲ ಅದು ಹಣೆಗೆ ಜಾರಿತು. ಹೋದ ವರ್ಷ ರಾಜ್ಯೋತ್ಸವದ ನಾಟಕದಲ್ಲಿ ರಾಣಿಯ ತಲೆ ಮೇಲೆ ನೀವೆಲ್ಲ ನೋಡಿ ಚಪ್ಪಾಳೆ ತಟ್ಟಿದ್ದು ಅದೇ ವಿಗ್ಗಿಗೆ. ಅವ್ವ ಮಾತ್ರ ಬೋಳುತಲೆ, ರೂಪಾಯಿಯಗಲ ಕುಂಕುಮ, ದೊಡ್ಡ ಓಲೆ ಇಟ್ಟುಕೊಂಡು ಓಡಾಡಿದರು. ಹುಬ್ಬೂ ಉದುರಿದಾಗ ಕೋಲಾರದವಳ ಪೆನ್ಸಿಲ್ ತಗೊಂಡು ಬರೆದುಕೊಂಡರು. ಟೇಲರ್ ಚಾಕ್ ಹಿಡಿದ ಕೈ, ಎರಡೂ ಕಡೆ ಒಂದೇ ಅಳತೆ. ನಮ್ಮ ಇಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಅಷ್ಟು ನೀಟಾದ ಕಮಾನು ಯಾರಿಗೂ ಬಂದಿಲ್ಲ.

ದೊಡ್ಡ ತಲೆಬಿಸಿ ಬ್ಲೌಸಿನದು. ಸಿಲಿಕಾನಿನದು ಅಂಗಡಿಯಲ್ಲಿ ಸಿಗುತ್ತೆ, ಬೆಲೆ ಕೇಳಿ ಅವ್ವ ವಾಪಸ್ ಬಂದರು. ತಾವೇ ಹತ್ತಿ ತುಂಬಿ ಒಂದು ಮಾಡಿಕೊಂಡರು. ಅದಕ್ಕೆ ತೂಕವೇ ಇಲ್ಲ, ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಹತ್ತಿರ ಬಂದು ಕೂತಿರ್ತಿತ್ತು. ಮೇಲಾಗಿ ಬಲಗಡೆ ಮಾತ್ರ ಭಾರ ಇದ್ದರೆ ಹೆಗಲು ಒಂದು ಕಡೆಗೆ ವಾಲಿ ಬೆನ್ನು ನೋಯುತ್ತೆ. ಮೆಕ್ಯಾನಿಕಲ್ ಓದುವ ಹಾಸನದವಳು "ಅವ್ವ, ಭಾರದ ಕೇಂದ್ರ ಕೆಳಗೆ ಬರಬೇಕು" ಅಂತ ಕಾಗದದಲ್ಲಿ ಚಿತ್ರ ಬರೆದಳು, ರಾಗಿ ತುಂಬಿ ನೋಡೋಣ ಅಂದಳು. ಹಾಸನದವರು ಇನ್ನೇನು ಹೇಳ್ತಾರೆ. ಕೊನೆಗೆ ನಿಂತಿದ್ದು ಸಾಸಿವೆ: ತಳದಲ್ಲಿ ಒಂದು ಸಣ್ಣ ಸಾಸಿವೆ ಚೀಲ, ಮೇಲೆ ಹತ್ತಿ, ಹೊರಗೆ ಮೆತ್ತಗಿನ ವಾಯಿಲ್ ಬಟ್ಟೆ, ಬ್ಲೌಸಿನ ಒಳಗೆ ಅಸ್ತರದ ಜೇಬು. ನಾಲ್ಕು ಸಲ ಬಿಚ್ಚಿ ಹೊಲಿದಿದ್ದಾರೆ. ಒಂದು ದಿನ ಒಗ್ಗರಣೆಗೆ ಸಾಸಿವೆ ಖಾಲಿ ಅಂದರೆ, "ಬೇಕಾದ್ರ ತಗೋರಿ, ಎರಡು ಚಮಚ ಕಡಿಮಿ ಆದ್ರ ಯಾರಿಗೂ ತಿಳಿಯಂಗಿಲ್ಲ" ಅಂತ ಎದೆ ತಟ್ಟಿಕೊಂಡರು. ನಾವು ನಗಬೇಕೋ ಬೇಡವೋ ಅಂತ ಒಬ್ಬರ ಮುಖ ಒಬ್ಬರು ನೋಡೋ ಹೊತ್ತಿಗೆ ಅವರೇ ನಕ್ಕು ಮುಗಿಸಿದ್ದರು.

ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದರಿಂದ ಎಡಗೈ ಊದಿಕೊಳ್ಳುತ್ತೆ. ಆ ಕೈಗೆ ಬಿಪಿ ನೋಡಬಾರದು, ಸೂಜಿ ಚುಚ್ಚಬಾರದು, ಭಾರ ಎತ್ತಬಾರದು, ಮತ್ತೆ ಒಂದು ಬಿಗಿ ತೋಳುಚೀಲ ಹಾಕಬೇಕು. ಅದರ ಬಣ್ಣಕ್ಕೆ ಮೈಬಣ್ಣ ಅಂತ ಹೆಸರು. ಯಾರ ಮೈಬಣ್ಣವೋ, ನಾವು ಐದು ಜನ ಕೈ ಇಟ್ಟು ನೋಡಿದ್ವಿ, ಯಾರದ್ದೂ ಅಲ್ಲ. ಅವ್ವ ಗುಳೇದಗುಡ್ಡದ ಖಣದ ತುಂಡುಗಳನ್ನು ಜೋಡಿಸಿ ಅದರ ಮೇಲೆ ಸಡಿಲವಾದ ಹೊದಿಕೆ ಹೊಲಿದುಕೊಂಡರು. ಈಗ ಊರಲ್ಲಿ ಕಾಲೇಜು ಹುಡುಗಿಯರು ಅದನ್ನು ನೋಡಿ "ಒಂದ ತೋಳು ಖಣದ್ದು ಇಡ್ರಿ" ಅಂತ ಹೊಲಿಸಿಕೊಳ್ತಾರಂತೆ. ಇದನ್ನು ಅವ್ವ ಹೇಳೋವಾಗ ಮುಖ ನೋಡಬೇಕು ನೀವು.

ಗೆಳತಿಯರ ವಿಷಯವನ್ನೂ ಹೇಳಬೇಕು. ಹೊಲಿಗೆ ಕ್ಲಾಸಿನ ಕಾಲದಿಂದ ಅವ್ವನಿಗೆ ಮೂವರು ಗೆಳತಿಯರು. ಒಬ್ಬರು ಇದು ಅಂಟುವ ರೋಗ ಅಂದುಕೊಂಡು ಮನೆಯಲ್ಲಿ ನೀರು ಕುಡಿಯೋದನ್ನೇ ಬಿಟ್ಟರು. ಅಂಟಲ್ಲ, ಯಾವ ಥರಾನೂ ಅಂಟಲ್ಲ, ಆದರೂ ಬಿಟ್ಟರು. ಇನ್ನೊಬ್ಬರು ಬಂದಾಗಲೆಲ್ಲ ಅತ್ತು ಹೋಗ್ತಾರೆ, ಅವರು ಹೋದಮೇಲೆ ಅವ್ವನಿಗೆ ಒಂದು ಗಂಟೆ ಸುಸ್ತು. ಮೂರನೆಯವರು ಮಧ್ಯಾಹ್ನ ಮೂರಕ್ಕೆ ಬರ್ತಾರೆ, ಹೇಗಿದ್ದೀ ಅಂತ ಕೇಳಲ್ಲ, ಹುಕ್ಕಿನ ಡಬ್ಬಿ ಎಳೆದುಕೊಂಡು ಕೂತು ಹುಕ್ಕು ಹಚ್ಚುತ್ತಾ ಊರಿನ ಸುದ್ದಿ ಹೇಳಿ ಐದಕ್ಕೆ ಎದ್ದು ಹೋಗ್ತಾರೆ. ಕಾಯಿಲೆ ಮನೆಗೆ ಹೋಗೋದು ಹೇಗೆ ಅಂತ ನಾವು ಕಲಿತಿದ್ದು ಆ ಮೂರನೆಯವರನ್ನು ನೋಡಿ.

ಏಳನೇ ಸೆಮಿಸ್ಟರ್ ಶುರುವಿನಲ್ಲಿ ಅವ್ವನಿಗೆ ಬೆನ್ನುನೋವು. ಮೆಷಿನ್ ತುಳಿದಿದ್ದಕ್ಕೆ ಅಂದುಕೊಂಡರು. ಸ್ಕ್ಯಾನಿನಲ್ಲಿ ಬೆನ್ನಿನ ಎರಡು ಮೂಳೆಯಲ್ಲಿ ಕಾಣಿಸಿತು. ಡಾಕ್ಟರು ಮುಚ್ಚಿಡದೆ ಹೇಳಿದರು: ಇದನ್ನು ಪೂರ್ತಿ ತೆಗೆಯೋಕೆ ಆಗಲ್ಲ, ಹಿಡಿತದಲ್ಲಿ ಇಡಬಹುದು, ಮಾತ್ರೆ ಕೆಲಸ ಮಾಡೋವರೆಗೂ ಈ ಮಾತ್ರೆ, ಆಮೇಲೆ ಬೇರೆ. ನೋವಿಗೆ ರೇಡಿಯೇಷನ್, ಮೂಳೆಗೆ ಇಂಜೆಕ್ಷನ್, ದಿನಾ ಹಾರ್ಮೋನ್ ಮಾತ್ರೆ, ಅದರ ಜೊತೆ ಪಾಲ್ಬೊಸಿಕ್ಲಿಬ್ ಅನ್ನೋ ಈ 21 ದಿನದ ಮಾತ್ರೆ. ಐಪಿಆರ್ ಪೇಪರನ್ನು ನಾವೆಲ್ಲ ಪಾಸಾಗೋಕೆ ಓದ್ತೀವಲ್ಲ, ಆ ಮಾತ್ರೆಯ ಪೇಟೆಂಟ್ ಭಾರತದಲ್ಲಿ ಮುಗಿದಿದ್ದು 2023ರ ಜನವರಿಯಲ್ಲಿ. ಆಮೇಲೆ ಹಲವು ಕಂಪನಿಗಳು ಮಾಡೋಕೆ ಶುರುಮಾಡಿ ಬೆಲೆ ಇಳೀತು. ಇಳಿಯದೇ ಇದ್ದಿದ್ದರೆ ಗೋಡೆ ಮೇಲೆ ಆ ಕ್ಯಾಲೆಂಡರ್ ಇರ್ತಿರಲಿಲ್ಲ.

ಆ ಸುದ್ದಿಯ ಮೇಲೆ ಒಂದು ವಾರ ಮನೆಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಎಂಟನೇ ದಿನ ಅವ್ವನೇ ಫೋನ್ ಮಾಡಿ ಗೋಕರ್ಣಕ್ಕೆ ಹೋಗೋಣ ಅಂದರು. ದೇವರಿಗಾ ಅಂತ ಕೇಳಿದ್ವಿ. ಅಲ್ಲ, ಸೀರೆ ನೋಡೋಕೆ. 2021ರ ನವೆಂಬರಿನಲ್ಲಿ ಅಂಕೋಲೆಯ ತುಳಸಿ ಗೌಡರು ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ತಗೊಂಡಿದ್ದನ್ನು ಟಿವಿಯಲ್ಲಿ ನೋಡಿದ್ದರಂತೆ. ನಾವು ಗಿಡ ನೆಟ್ಟ ಅಜ್ಜಿಯನ್ನು ನೋಡಿದ್ವಿ, ಅವ್ವ ಹಾಲಕ್ಕಿ ಹೆಂಗಸರು ಉಡುವ ರೀತಿಯನ್ನು ನೋಡಿದ್ದರು: ಬ್ಲೌಸೇ ಇಲ್ಲ, ಕತ್ತು ತುಂಬಾ ಮಣಿಸರ, ಸೀರೆ ತನ್ನಷ್ಟಕ್ಕೆ ನಿಂತಿದೆ. "ಟೇಲರ್‌ಗೆ ಕೆಲಸನ ಇಲ್ಲದ ಉಡಿಗಿ. ಅದು ಹೆಂಗ ನಿಲ್ಲತೈತಿ ನೋಡಬೇಕು ನಾ."

ನೆಂಟರು ಒಬ್ಬೊಬ್ಬರಾಗಿ ಫೋನ್ ಮಾಡಿದರು. ಇಂಥಾ ಹೊತ್ತಿನಲ್ಲಿ ತಿರುಗಾಟ ಏನು, ಖರ್ಚು ಏನು. ಅಪ್ಪ ಏನೂ ಅನ್ನಲಿಲ್ಲ. ಅವರು ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನಲ್ಲಿ ಲೆಕ್ಕ ಬರೀತಾರೆ, ಜನವರಿಯಲ್ಲಿ ಅಲ್ಲಿ ಉಸಿರಾಡೋಕೂ ಪುರುಸೊತ್ತಿಲ್ಲ. ನಮ್ಮನ್ನು ಕರೆದು ಥರ್ಮಾಮೀಟರ್ ಕೈಗೆ ಕೊಟ್ಟರು. ಡಾಕ್ಟರು ಹೇಳಿದ್ದು: ಖಾಲಿ 7 ದಿನದ ಕೊನೆಗೆ ರಕ್ತ ಪರೀಕ್ಷೆ ಮಾಡಿಸಿ, ಸರಿ ಇದ್ದರೆ ಹೋಗಿ, ಜ್ವರ 38 ಡಿಗ್ರಿ ಮುಟ್ಟಿದರೆ ಹತ್ತಿರದ ಆಸ್ಪತ್ರೆ, ಬೆನ್ನಿಗೆ ಜರ್ಕ್ ಬೀಳಬಾರದು. ಖರ್ಚಿನ ಮಾತಿಗೆ ಉತ್ತರ ಶಕ್ತಿ ಯೋಜನೆ ಕೊಟ್ಟಿತು. ಐವರೂ ಕರ್ನಾಟಕದ ಹೆಂಗಸರು, ಐದು ಆಧಾರ್, ಐದು ಸೊನ್ನೆ ರೂಪಾಯಿ ಟಿಕೆಟ್.

ಜರ್ಕಿನ ಮಾತಿಗೆ ಉತ್ತರ ನಾವೇ ಹುಡುಕಬೇಕಿತ್ತು. ಬಸ್ಸಿನಲ್ಲಿ ಹಿಂದಿನ ಗಾಲಿಯ ಆಚೆ ಕೂತವರು ಹಂಪ್ ಬಂದಾಗ ಹಾರೋದು ನಿಮಗೆಲ್ಲ ಗೊತ್ತು. ಹಿಂದಿನ ಗಾಲಿ ಎದ್ದಾಗ ಬಸ್ಸು ಮುಂದಿನ ಗಾಲಿಯ ಮೇಲೆ ತೊಟ್ಟಿಲ ಹಾಗೆ ತೂಗುತ್ತೆ, ದೂರ ಹೋದಷ್ಟೂ ಏಟು ಜಾಸ್ತಿ. ಎರಡು ಗಾಲಿಗಳ ನಡುವಿನ ಸೀಟಿನಲ್ಲಿ ಕಡಿಮೆ. ಎಡಗೈ ಊದುವ ಕೈ, ಓಡಾಡೋರ ಬ್ಯಾಗು ತಾಗಬಾರದು, ಆದ್ದರಿಂದ ಎಡಗಡೆ ಕಿಟಕಿ. ಹಾಸನದವಳು ಹೊರಡುವ ಹಿಂದಿನ ದಿನ ಬಸ್‌ಸ್ಟ್ಯಾಂಡಿಗೆ ಹೋಗಿ ಕಿಟಕಿ ಎಣಿಸಿಕೊಂಡು ಬಂದಳು. ಬಸ್ಸು ಹೊರಡುವ ಜಾಗದಲ್ಲೇ ಹತ್ತಿ ಇಬ್ಬರು ಸೀಟು ಹಿಡಿದ್ವಿ, ಇಬ್ಬರು ನಿಂತೇ ಹೋದ್ವಿ. ಹಾನಗಲ್ಲು ದಾಟಿ ಶಿರಸಿ ತಲುಪೋವರೆಗೂ ಬೆನ್ನಿಗೆ ದಿಂಬು, ತೊಡೆ ಮೇಲೆ ಖಡಕ್ ರೊಟ್ಟಿ ಗಂಟು. ಆ ರಾತ್ರಿ ಶಿರಸಿಯವಳ ಮನೆ. ಅವಳ ಆಯಿ ಒಂದೆಲಗದ ತಂಬುಳಿ ಬಡಿಸಿದರು, ಅವ್ವ ಪ್ರತಿಯಾಗಿ ಅವರ ಬ್ಲೌಸಿನ ತೋಳು ಸರಿ ಮಾಡಿಕೊಟ್ಟರು. ಇಬ್ಬರ ಕನ್ನಡ ಇಬ್ಬರಿಗೂ ಅರ್ಧ ಅರ್ಥ ಆಗ್ತಿತ್ತು, ರಾತ್ರಿ ಹನ್ನೊಂದಾದರೂ ಮಾತು ನಿಲ್ಲಲಿಲ್ಲ.

ಮಾರನೇ ದಿನ ಗೋಕರ್ಣದ ಪೇಟೆಯಲ್ಲಿ ತರಕಾರಿ ಹರಡಿಕೊಂಡು ಕೂತ ಒಬ್ಬ ಹಾಲಕ್ಕಿ ಅಜ್ಜಿಯ ಮುಂದೆ ಅವ್ವ ಕೂತುಬಿಟ್ಟರು. ಮೊದಲು ಬದನೆಕಾಯಿ ಚೌಕಾಸಿ, ಆಮೇಲೆ ಸೀರೆ. ಫೋಟೋ ತೆಗೆಯಬೇಡಿ ಅಂತ ನಮಗೆ ಮೊದಲೇ ತಾಕೀತು ಆಗಿತ್ತು. ಅಜ್ಜಿ ಹೆಗಲ ಹತ್ತಿರದ ಗಂಟನ್ನು ಬೆರಳಲ್ಲಿ ಮುಟ್ಟಿ ತೋರಿಸಿದರು. ಅವ್ವ ತಮ್ಮ ಸೆರಗಿನ ತುದಿಯಲ್ಲೇ ಹಾಕಿ ನೋಡಿದರು, ಬಿಚ್ಚಿತು, ಮತ್ತೆ ಹಾಕಿದರು. "ನಿಂಗೆ ಎಂತಾ ಆಗದೆ?" ಅಂತ ಅಜ್ಜಿ ಎಡಗೈ ನೋಡಿ ಕೇಳಿದರು. ಅವ್ವ ಹೇಳಿದರು. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಬದನೆಕಾಯಿ ಮೇಲೆ ಒಂದು ಹಿಡಿ ಹಸಿಮೆಣಸು ಹೆಚ್ಚಿಗೆ ಹಾಕಿದರು.

ಸಂಜೆ ಸಮುದ್ರ. ಅಲೆ ಬೆನ್ನಿಗೆ ಹೊಡೀಬಾರದು ಅಂತ ಮೊಣಕಾಲುದ್ದ ನೀರಲ್ಲಿ ಅವ್ವನ ಸುತ್ತ ನಾವು ನಾಲ್ವರೂ ಗೋಡೆ ಥರ ನಿಂತ್ವಿ. ಇಳಿಯೋ ಮೊದಲು ಅವ್ವ ಸಾಸಿವೆ ಚೀಲ ತೆಗೆದು ಬ್ಯಾಗಿನಲ್ಲಿ ಇಟ್ಟಿದ್ದರು. ಉಪ್ಪುನೀರಿಗೆ ಮೊಳಕೆ ಬರುತ್ತೋ ಇಲ್ಲವೋ ಅಂತ ಚರ್ಚೆ ನಡೀತು. ವಾಪಸ್ ಬಂದಮೇಲೆ ಅದನ್ನು ಹಾಕಿಕೊಳ್ಳಲೇ ಇಲ್ಲ. ಒದ್ದೆ ಸೀರೆಯಲ್ಲಿ ಒಂದು ಕಡೆ ಚಪ್ಪಟೆಯಾಗಿಯೇ ಪೇಟೆ ಬೀದಿ ಉದ್ದಕ್ಕೂ ನಡೆದರು. ಕೆಲವರು ನೋಡಿದರು. ಅವ್ವನೂ ಅವರನ್ನು ನೋಡಿದರು, ರೂಮಿಗೆ ಬಂದು "ಆ ಹಸಿರು ಬ್ಲೌಸಿನಾಕಿ ತೋಳು ನೋಡಿದ್ರೇನ? ಎಷ್ಟು ಸುಕ್ಕು ಬಿದ್ದಿತ್ತು!" ಅಂದರು. ರಾತ್ರಿ ಥರ್ಮಾಮೀಟರಿನಲ್ಲಿ 36.8.

ಫೆಬ್ರವರಿಯ ಸ್ಕ್ಯಾನಿನಲ್ಲಿ ಇದ್ದದ್ದು ಇದ್ದ ಹಾಗೇ ಇದೆ, ಬೆಳೆದಿಲ್ಲ. ಮುಂದಿನದು ಮೇನಲ್ಲಿ, ನಮ್ಮ ಪ್ರಾಜೆಕ್ಟ್ ವೈವಾ ಇರೋ ವಾರವೇ. ಜೂನಿಗೆ ಈ ಮನೆ ಖಾಲಿ ಮಾಡ್ತೀವಿ. ಕೋಲಾರಕ್ಕೆ ಪುಣೆಯಲ್ಲಿ ಕೆಲಸ, ಹಾಸನಕ್ಕೆ ಚೆನ್ನೈ, ಶಿರಸಿಗೆ ಇನ್ನೂ ಆಫರ್ ಇಲ್ಲ, ಹಾವೇರಿ ಊರ ಹತ್ತಿರವೇ ಹುಡುಕ್ತಿದ್ದಾಳೆ, ಸಿವಿಲ್ಲಿಗೆ ಹಾವೇರಿಯಲ್ಲಿ ಏನು ಸಿಗುತ್ತೆ ಅನ್ನೋದು ಬೇರೆ ಮಾತು. ಅವ್ವ ಮಾತ್ರ ಗುಳೇದಗುಡ್ಡಕ್ಕೆ ಹೋಗಿ ಮಗ್ಗದಿಂದಲೇ ಖಣ ತರೋಣ ಅಂತ ಬಸ್ಸು ವಿಚಾರಿಸೋಕೆ ಹೇಳಿದ್ದಾರೆ. ಎಥ್ನಿಕ್ ಡೇಗೆ ನಾಲ್ಕು ಬ್ಲೌಸ್ ಹೊಲೀತಿದ್ದಾರೆ. ಮೂರು ಬಂದಿವೆ. ಶಿರಸಿಯದು ಇನ್ನೂ ಬಂದಿಲ್ಲ, ತೋಳು ಕೂತಿದ್ದು ಮನಸ್ಸಿಗೆ ಬರಲಿಲ್ಲವಂತೆ, ಬಿಚ್ಚಿ ಮತ್ತೆ ಹೊಲೀತಿದ್ದಾರೆ.