ಒಂದು ದನಿ, ಎರಡು ಬಾಗಿಲು

15 ವರ್ಷದ ಹಿಂದಿನ ಮಾತು. ಈಗಲೂ ಜಡಿಮಳೆ ಹಿಡಿದರೆ ಆ ಲ್ಯಾಬಿನ ಹಸಿರು ದೀಪಗಳು ಕಣ್ಣಿಗೆ ಕಟ್ಟುತ್ತವೆ. ಮಲೆನಾಡಿನ ಒಂದು ಕಾಲೇಜಿಗೆ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿ ಸೇರಿ ಮೂರು ತಿಂಗಳಾಗಿತ್ತು. ಅವತ್ತು ಪ್ರಾಕ್ಟಿಕಲ್ ಪರೀಕ್ಷೆ, ಎಕ್ಸ್‌ಟರ್ನಲ್ ಬಂದು ಕೂತಿದ್ದರು. 10 ಗಂಟೆಗೆ ಹುಡುಗರು ಲಾಗಿನ್ ಆಗಲು ಹೊರಟರೆ ಒಬ್ಬರಿಗೂ ಸರ್ವರ್ ಸಿಗಲಿಲ್ಲ. ಕರೆಂಟ್ ಇದೆ, ಸರ್ವರ್ ಆನ್ ಇದೆ, ಕೇಬಲ್ ಸರಿಯಾಗಿದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಹಾಲ್ ಟಿಕೆಟನ್ನು ಬೆರಳಿಗೆ ಸುತ್ತುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಮೂಲೆಯ ರ‍್ಯಾಕ್ ಹತ್ತಿರ ಹೋದೆ. 24 ಪೋರ್ಟಿನ ಸ್ವಿಚ್ಚು. ಬೇರೆ ದಿನ ಅದರ ದೀಪಗಳು ಅಲ್ಲೊಂದು ಇಲ್ಲೊಂದು ಮಿಣುಕುತ್ತವೆ. ಯಾರು ಮಾತಾಡಿದರೋ ಅವರ ದೀಪ. ಅವತ್ತು ಎಲ್ಲವೂ ಒಂದೇ ತಾಳಕ್ಕೆ, ಬಿಡುವಿಲ್ಲದೆ, ಹೊಡೆದುಕೊಳ್ಳುತ್ತಿದ್ದವು.

ನಮ್ಮ ಸಿಸ್ಟಮ್ ಅಡ್ಮಿನ್ ನನಗಿಂತ 20 ವರ್ಷ ಹಿರಿಯರು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ಕೊಡೆ ಮಡಚಿ ಬಾಗಿಲ ಪಕ್ಕ ಇಟ್ಟು, ಲ್ಯಾಪ್‌ಟಾಪಿಗೆ ಕನ್ಸೋಲ್ ಕೇಬಲ್ ಸಿಕ್ಕಿಸಿ, ಸ್ವಿಚ್ಚಿನ ಮ್ಯಾಕ್ ಟೇಬಲ್ ತೆರೆದರು.

‘ಬಾರೋ ಇಲ್ಲಿ. ಸರ್ವರ್ ಎಷ್ಟನೇ ಪೋರ್ಟಲ್ಲಿದೆ?’

‘1ರಲ್ಲಿ ಅಣ್ಣ.’

‘ಇದನ್ನ ನೋಡು.’

ಸರ್ವರಿನ ವಿಳಾಸದ ಎದುರು 17 ಎಂದಿತ್ತು. ಮತ್ತೊಮ್ಮೆ ಕೇಳಿದರು, 1 ಎಂದು ಬಂತು. ಇನ್ನೊಮ್ಮೆ, 17.

ಆಗ ಅವರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. ‘ಸ್ವಿಚ್ಚು ಅಂದ್ರೆ ವಠಾರದ ಜಗುಲಿ ಮೇಲೆ ಕೂತ ಕಣ್ಣು ಕಾಣದ ಅಜ್ಜಿ ಕಣೋ. ಯಾರು ಯಾವ ಮನೇಲಿದಾರೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ದನಿ ಯಾವ ಬಾಗಿಲಿಂದ ಬಂತೋ, ಅವರು ಆ ಮನೆಯವರು ಅಂತ ನೆನಪಿಟ್ಕೋತಾಳೆ, ಅಷ್ಟೇ.’

ಅಷ್ಟೇ, ನಿಜ. ಪ್ರತಿ ನೆಟ್‌ವರ್ಕ್ ಕಾರ್ಡಿಗೂ ತಯಾರಾಗುವಾಗಲೇ 48 ಬಿಟ್‌ಗಳ ಮ್ಯಾಕ್ ವಿಳಾಸವೊಂದನ್ನು ಕೊಟ್ಟಿರುತ್ತಾರೆ. ಬರೆದರೆ 12 ಅಕ್ಷರ. ಸಾಮಾನ್ಯವಾಗಿ ಮೊದಲ 6 ತಯಾರಕರ ಗುರುತು, ಉಳಿದ 6 ಆ ಕಾರ್ಡಿನದು. ಕಂಪ್ಯೂಟರು ಕಳಿಸುವ ಪ್ರತಿ ಫ್ರೇಮಿನ ತಲೆಯಲ್ಲಿ ಯಾರಿಗೆ, ಯಾರಿಂದ ಎಂಬ ಎರಡೂ ವಿಳಾಸ ಇರುತ್ತವೆ. ‘ಯಾರಿಂದ’ ಎಂಬುದನ್ನು ನೋಡಿ ಸ್ವಿಚ್ಚು ಕಲಿಯುತ್ತದೆ, ‘ಯಾರಿಗೆ’ ಎಂಬುದನ್ನು ನೋಡಿ ಸಾಗಿಸುತ್ತದೆ. ಆ ವಿಳಾಸ ಟೇಬಲ್ಲಿನಲ್ಲಿ ಇದ್ದರೆ ಅದೊಂದೇ ಪೋರ್ಟಿಗೆ. ಇಲ್ಲದಿದ್ದರೆ ಬಂದ ಪೋರ್ಟನ್ನು ಬಿಟ್ಟು ಉಳಿದೆಲ್ಲಕ್ಕೂ. ಉತ್ತರ ಬಂದಾಗ ಆ ಮನೆಯೂ ಗೊತ್ತಾಯಿತು. ಸದ್ದಿಲ್ಲದೆ ಕೂತವರನ್ನು ಬಹುಪಾಲು ಸ್ವಿಚ್ಚುಗಳು 300 ಸೆಕೆಂಡಿಗೆ ಮರೆತುಬಿಡುತ್ತವೆ, ಮನೆ ಬಿಟ್ಟು ಹೋದವರ ಹೆಸರು ಇಟ್ಟುಕೊಂಡು ಏನು ಮಾಡುವುದು? ಇಷ್ಟು ಸರಳ ವಿದ್ಯೆಯ ಮೇಲೆ ಇಷ್ಟೆಲ್ಲ ಕಚೇರಿಗಳು ನಡೆಯುತ್ತಿವೆ ಎಂಬ ಬೆರಗು ನನಗೆ ಇನ್ನೂ ಆರಿಲ್ಲ. 1990ರಲ್ಲಿ ಮೊದಲ ಈಥರ್ನೆಟ್ ಸ್ವಿಚ್ಚನ್ನು ಮಾರುಕಟ್ಟೆಗೆ ತಂದ ಅಮೆರಿಕದ ಕಂಪನಿಯ ಹೆಸರು ‘ಕಲ್ಪನಾ’ ಎಂದು ಅಣ್ಣನೇ ಹೇಳಿದ್ದು. ಸ್ಥಾಪಕರಲ್ಲಿ ಒಬ್ಬರಾದ ವಿನೋದ್ ಭಾರದ್ವಾಜ್ ಅದಕ್ಕೆ ತಮ್ಮ ಹೆಂಡತಿಯ ಹೆಸರಿಟ್ಟಿದ್ದರು. ಆ ಸ್ವಿಚ್ಚಿಗಿದ್ದದ್ದು 7 ಪೋರ್ಟು.

‘ಹಿತ್ತಿಲ ಗೋಡೆಗೆ ಬಡಿದು ದನಿ ವಾಪಸ್ ಬಂದ್ರೆ ಅಜ್ಜಿ ಏನಂದ್ಕೋತಾಳೆ?’ ಅಣ್ಣ ಕೇಳಿದರು.

‘ಆ ಮನುಷ್ಯ ಹಿತ್ತಿಲಲ್ಲಿದಾನೆ ಅಂತ.’

‘ಹಾಗಾದ್ರೆ 17ರ ಆಚೆ ಗೋಡೆ ಇದೆ. ಹುಡುಕು ಹೋಗು.’

17ರ ಕೇಬಲ್ ಹಿಡಿದು ಹೊರಟೆ. ಕಿಟಕಿ ಪಕ್ಕದ ಸಾಲಿನಲ್ಲಿ ಮೇಜಿನ ಕೆಳಗೆ 8 ಪೋರ್ಟಿನ ಪುಟ್ಟ ಸ್ವಿಚ್ಚೊಂದಿತ್ತು. ಮಂಡಿಯೂರಿ ನೋಡಿದರೆ, ಒಂದು ನೀಲಿ ಕೇಬಲ್ಲಿನ ಒಂದು ತುದಿ 3ರಲ್ಲಿ, ಇನ್ನೊಂದು ತುದಿ ಅದೇ ಡಬ್ಬಿಯ 6ರಲ್ಲಿ! ಸರ್ವರ್ ಎಲ್ಲರಿಗೂ ಎಂದು ಒಮ್ಮೆ ಕೂಗಿದ್ದು ಆ ಕೇಬಲ್ಲಿನಲ್ಲಿ ಸುತ್ತುತ್ತಲೇ ಇತ್ತು, ಪ್ರತಿ ಸುತ್ತಿಗೂ ಒಂದು ಪ್ರತಿ 17ರ ಮೂಲಕ ಮೇಲಕ್ಕೆ ಬರುತ್ತಿತ್ತು. ಐಪಿ ಪ್ಯಾಕೆಟ್ಟಿಗಾದರೆ ಇಷ್ಟೇ ಹೆಜ್ಜೆ ಎಂಬ ಆಯಸ್ಸಿದೆ. ಈಥರ್ನೆಟ್ ಫ್ರೇಮಿಗೆ ಅದಿಲ್ಲ, ದಾರಿ ಸುತ್ತಿದ್ದರೆ ಅದು ಸುತ್ತುತ್ತಲೇ ಇರುತ್ತದೆ. ಸರ್ವರ್ 17ರಲ್ಲಿದೆ ಎಂದು ನಂಬಿದ ದೊಡ್ಡ ಸ್ವಿಚ್ಚು ಹುಡುಗರ ಲಾಗಿನ್ನನ್ನೆಲ್ಲ ಅತ್ತ ಕಳಿಸುತ್ತಿತ್ತು.

ಒಂದು ತುದಿ ಕಿತ್ತೆ. ‘ಟಕ್’ ಎಂದಿತು. ರ‍್ಯಾಕಿನ ಕಡೆ ತಿರುಗಿ ನೋಡುವಷ್ಟರಲ್ಲಿ ದೀಪಗಳ ಆ ತಾಳ ನಿಂತು, ಅಲ್ಲೊಂದು ಇಲ್ಲೊಂದು ಮಿಣುಕತೊಡಗಿದ್ದವು.

ಹಿಂದಿನ ಸಂಜೆ ಕಸ ಗುಡಿಸಿದ್ದ ಅಕ್ಕ ಬಾಗಿಲಲ್ಲಿ ನಿಂತಿದ್ದರು. ‘ವೈರಿನ ತುದಿ ನೆಲದ ಮೇಲೆ ಬಿದ್ದಿತ್ತು ಸಾರ್. ಕಿಟಕಿಯಿಂದ ಎರಚಲು ಬರುತ್ತಲ್ಲ, ನೆನೆಯೋದು ಬೇಡ ಅಂತ ಖಾಲಿ ತೂತಿಗೆ ಹಾಕಿದೆ.’ ಅಣ್ಣ ಕೈ ಮುಗಿದು, ‘ನಿಮ್ಮದೇನೂ ತಪ್ಪಿಲ್ಲಕ್ಕಾ, ತಪ್ಪು ನಮ್ಮದು’ ಎಂದರು.

ಅದು ಸಮಾಧಾನಕ್ಕೆ ಆಡಿದ ಮಾತಾಗಿರಲಿಲ್ಲ. ಇಂಥ ಸುತ್ತುದಾರಿಯನ್ನು ಪತ್ತೆಹಚ್ಚಿ ಒಂದು ಕಡೆ ಮುಚ್ಚುವ ವಿಧಾನವನ್ನು ರೇಡಿಯಾ ಪರ್ಲ್‌ಮನ್ ಎಂಬಾಕೆ 1985ರಲ್ಲೇ ರೂಪಿಸಿದ್ದರು. ಅದಕ್ಕೆ ಸ್ಪ್ಯಾನಿಂಗ್ ಟ್ರೀ ಎಂದು ಹೆಸರು. ಸ್ವಿಚ್ಚು ಆಗಾಗ ತನ್ನದೊಂದು ಪುಟ್ಟ ಸಂದೇಶ ಹೊರಡಿಸುತ್ತದೆ. ಅದು ಸುತ್ತಿ ತನ್ನಲ್ಲಿಗೇ ಬಂದರೆ ದಾರಿ ಎಲ್ಲೋ ಗಂಟು ಬಿದ್ದಿದೆ ಎಂದು ತಿಳಿದು ಆ ಪೋರ್ಟನ್ನು ತಡೆಯುತ್ತದೆ. ಪೋರ್ಟು ತೆರೆಯುವ ಮುನ್ನ ಕಾಯುವ 30 ಸೆಕೆಂಡು ಹೆಚ್ಚಾಯಿತೆಂದು ನಮ್ಮವರು ಯಾರೋ ಅದನ್ನು ಆಫ್ ಮಾಡಿಟ್ಟಿದ್ದರು. ಅದು ಇದ್ದಿದ್ದರೆ ಕಿಟಕಿ ಪಕ್ಕದ ಒಂದು ಸಾಲಷ್ಟೇ ನಿಲ್ಲುವ ಸಾಧ್ಯತೆ ಇತ್ತು. ಅಣ್ಣ ಅಲ್ಲೇ ನಿಂತು ಅದನ್ನು ಆನ್ ಮಾಡಿದರು. ಎಕ್ಸ್‌ಟರ್ನಲ್ ಹುಡುಗರಿಗೆ ಕಳೆದ ಸಮಯವನ್ನು ಪೂರ್ತಿ ಕೊಟ್ಟರು.

ಅಣ್ಣ ನಿವೃತ್ತರಾಗಿದ್ದಾರೆ. ನಿಮ್ಮ ಆಫೀಸಿನಲ್ಲೋ ಶಾಲೆಯಲ್ಲೋ ಮೇಜಿನ ಕೆಳಗೆ ಕೇಬಲ್ಲಿನ ತುದಿಯೊಂದು ಬಿದ್ದಿದ್ದರೆ, ಅದರ ಇನ್ನೊಂದು ತುದಿ ಎಲ್ಲಿದೆ ಎಂದು ನೋಡದೆ ದಯವಿಟ್ಟು ಯಾವ ಖಾಲಿ ತೂತಿಗೂ ಸಿಕ್ಕಿಸಬೇಡಿ.