ಒಂದು ಕೋಣೆಯ ಕತ್ತಲೆ

ಊರಿಗೆ ಊರೇ ಕತ್ತಲಾದಾಗ ಮನುಷ್ಯನಿಗೆ ಅಷ್ಟಾಗಿ ವ್ಯಥೆಯಾಗುವುದಿಲ್ಲ. ಬಾಗಿಲಿಗೆ ಬಂದು ಎಡಬಲದ ಮನೆಗಳನ್ನು ನೋಡಿ, ಅಲ್ಲಿಯೂ ದೀಪವಿಲ್ಲವೆಂದು ಕಂಡೊಡನೆ, “ಎಲ್ಲರಿಗೂ ಹೋಗಿದೆ” ಎಂದು ಸಮಾಧಾನ ತಂದುಕೊಂಡು ಮೇಣದ ಬತ್ತಿಯನ್ನು ಹುಡುಕತೊಡಗುತ್ತಾನೆ. ಆದರೆ ಬೀದಿಯ ದೀಪಗಳು ಉರಿಯುತ್ತಿದ್ದು, ನಮ್ಮ ಮನೆಯ ಹಜಾರವೂ ಅಡಿಗೆಮನೆಯೂ ಬೆಳಗುತ್ತಿರುವಾಗ ಒಂದೇ ಒಂದು ಕೋಣೆ ಕತ್ತಲಾದರೆ ಏನು ಮಾಡತಕ್ಕದ್ದು? 2023ನೆಯ ಇಸವಿಯ ಆಷಾಢಮಾಸದಲ್ಲಿ ಈ ಪ್ರಶ್ನೆ ನಮಗೆ ಎದುರಾಯಿತು. ಅದಕ್ಕೆ ನಾವು ಕಂಡುಕೊಂಡ ಉತ್ತರವು ಇತರ ಗೃಹಸ್ಥರಿಗೂ ಪ್ರಯೋಜನಕ್ಕೆ ಬರಬಹುದೆಂದು ನಂಬಿ, ನಮ್ಮ ತಪ್ಪನ್ನು ಮರೆಮಾಚದೆ ಇಲ್ಲಿ ಬರೆಯುತ್ತಿದ್ದೇವೆ.

ಮೈಸೂರಿನಲ್ಲಿರುವ ನಮ್ಮ ಮನೆ ತೀರ್ಥರೂಪರವರು ಕಟ್ಟಿಸಿದ್ದು. ಅರುವತ್ತು ವರ್ಷಗಳನ್ನು ದಾಟಿದ ಮನೆ. ಗೋಡೆಯ ಮೇಲೆ ಮರದ ಪಟ್ಟಿಗಳನ್ನು ಹೊಡೆದು, ಅದರೊಳಗೆ ತಂತಿಗಳನ್ನು ಹಾಯಿಸಿ, ಮರದ ಪೆಟ್ಟಿಗೆಗಳ ಮೇಲೆ ಕರಿಯ ಸ್ವಿಚ್ಚುಗಳನ್ನು ಕೂರಿಸಿದ್ದ ಕಾಲದ್ದು. ಆಮೇಲೆ ಅಲ್ಲಲ್ಲಿ ದುರಸ್ತಾಗಿ, ಒಂದಷ್ಟು ಹೊಸ ತಂತಿ, ಒಂದಷ್ಟು ಹಳೆಯ ತಂತಿ, ಹೀಗೆ ಅತ್ತೆಯ ಕಾಲದ ಪಾತ್ರೆಗಳೊಡನೆ ಸೊಸೆಯ ಪಾತ್ರೆಗಳು ಸೇರಿದಂತೆ ಸೇರಿಕೊಂಡಿವೆ. ಹಿತ್ತಲ ಕಡೆಯ ಕೋಣೆಯಲ್ಲಿ ನಮ್ಮ ತಾಯಿಯವರು ಮಲಗುತ್ತಾರೆ. ಅವರಿಗೆ ಎಂಬತ್ತೆರಡು ವರ್ಷ. ಮೊಣಕಾಲು ನೋವಿನಿಂದ ರಾತ್ರಿ ಎರಡು ಮೂರು ಸಲ ಏಳಬೇಕಾಗುವುದರಿಂದ ಅವರ ಕೋಣೆಯಲ್ಲಿ ಒಂದು ಸಣ್ಣ ದೀಪ ಸದಾ ಉರಿಯುತ್ತಿರುವುದು.

ಆ ದಿನ ಸಂಜೆ ಸುಮಾರು ಏಳು ಗಂಟೆ. ಜಿಟಿಜಿಟಿ ಮಳೆ. ಅಮ್ಮನವರು ಕೋಣೆಯೊಳಗಿಂದ, “ಯಾರಪ್ಪಾ ದೀಪ ಆರಿಸಿದ್ದು?” ಎಂದು ಕೂಗಿದರು. ಯಾರೂ ಆರಿಸಿರಲಿಲ್ಲ. ದೀಪವೂ ಇಲ್ಲ, ಫ್ಯಾನೂ ಇಲ್ಲ. ಬಿಸಿನೀರಿಗೆಂದು ಆಗತಾನೆ ಹಾಕಿದ್ದ ಕೆಟಲೂ ತಣ್ಣಗೆ ಕುಳಿತಿತ್ತು. ಹಜಾರದಲ್ಲಿ ಮಾತ್ರ ಎಲ್ಲವೂ ಎಂದಿನಂತೆ ನಡೆಯುತ್ತಿತ್ತು.

ನಾವು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಬಾಗಿಲ ಬಳಿಯ ಪೆಟ್ಟಿಗೆಯನ್ನು ತೆರೆದು ಎಂ.ಸಿ.ಬಿ.ಗಳನ್ನು ನೋಡಿದೆವು. ಇವು ಹಿಂದಿನ ಕಾಲದ ಫ್ಯೂಸಿಗೆ ಬದಲಾಗಿ ಬಂದಿರುವ ಗುಂಡಿಗಳು. ತಂತಿಯಲ್ಲಿ ಮಿತಿಮೀರಿ ವಿದ್ಯುತ್ತು ಹರಿದರೆ ತಾವಾಗಿಯೇ ಬಿದ್ದುಹೋಗುತ್ತವೆ. ಕೆಲವೊಮ್ಮೆ ಪೂರ್ತಿ ಕೆಳಗೆ ಬೀಳದೆ ನಡುವೆ ನಿಂತಿರುವುದೂ ಉಂಟು. ಆಗ ಒಮ್ಮೆ ಪೂರಾ ಕೆಳಗೊತ್ತಿ ಅನಂತರ ಮೇಲೆತ್ತಬೇಕು. ನಮ್ಮಲ್ಲಿ ಒಂದೂ ಬಿದ್ದಿರಲಿಲ್ಲ. ಇಡೀ ಮನೆಯನ್ನು ಕಾಯುವ ಆರ್.ಸಿ.ಸಿ.ಬಿ. ಎಂಬ ಇನ್ನೊಂದು ಗುಂಡಿಯೂ ನೆಟ್ಟಗೆ ನಿಂತಿತ್ತು. ಕಾವಲುಗಾರರೆಲ್ಲ ಎಚ್ಚರವಾಗಿದ್ದಾರೆ, ಕಳವು ಮಾತ್ರ ಆಗಿದೆ!

ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಗ ಅಷ್ಟರಲ್ಲಿ ಟೆಸ್ಟರನ್ನು ತಂದ. ಸ್ಕ್ರೂ ತಿರುಗಿಸುವ ಕಡ್ಡಿಯಂತಿದ್ದು ಹಿಡಿಯೊಳಗೆ ಪುಟ್ಟ ದೀಪವುಳ್ಳ ಈ ಉಪಕರಣ ಯಾರ ಮನೆಯಲ್ಲಿ ಇಲ್ಲ? ಪ್ಲಗ್ಗಿನ ಬಲಗಡೆಯ ರಂಧ್ರದಲ್ಲಿ ಇಟ್ಟಾಗ ಅದು ಹೊತ್ತಿಕೊಂಡಿತು. ಅದು ವಿದ್ಯುತ್ತನ್ನು ತರುವ ಫೇಸಿನ ಸ್ಥಾನ. ಆದ್ದರಿಂದ ಹೊತ್ತಿಕೊಂಡದ್ದು ಸರಿಯೇ. ಆದರೆ ಎಡಗಡೆಯ ರಂಧ್ರದಲ್ಲಿಟ್ಟಾಗಲೂ ಹೊತ್ತಿಕೊಂಡಿತು! ಎಡಗಡೆಯದು ನ್ಯೂಟ್ರಲ್, ಅಲ್ಲಿ ಅದು ಹೊತ್ತಿಕೊಳ್ಳಕೂಡದು. ಎರಡು ಕಡೆಯೂ ವಿದ್ಯುತ್ತಿದೆ, ಆದರೂ ದೀಪ ಉರಿಯದು. “ಟೆಸ್ಟರೇ ಕೆಟ್ಟಿದೆ. ಫ್ಯಾನು ತಿರುಗುತ್ತಿಲ್ಲವೆಂದ ಮೇಲೆ ಕರೆಂಟು ಎಲ್ಲಿಂದ ಬಂತು? ಬೋರ್ಡನ್ನು ಬಿಚ್ಚಿ ತಂತಿ ಬಿಗಿ ಮಾಡಿಬಿಡುತ್ತೇನೆ” ಎಂದು ಮಗ ಸ್ಕ್ರೂಗಳಿಗೆ ಕೈ ಹಾಕಿದ.

ನಿಜವನ್ನು ಹೇಳುವುದಾದರೆ, ನಾವು ಅವನನ್ನು ತಡೆಯಲಿಲ್ಲ. ಕೈಯಲ್ಲಿ ಬ್ಯಾಟರಿ ಹಿಡಿದು ಬೆಳಕು ತೋರಿಸುತ್ತ ನಿಂತಿದ್ದೆವು. ತಡೆದವರು ನಮ್ಮ ಮನೆಯವರು. “ನಿಮಗಿಬ್ಬರಿಗೂ ಗೊತ್ತಿಲ್ಲದ್ದನ್ನು ಕತ್ತಲೆಯಲ್ಲಿ ಮುಟ್ಟುವುದು ಬೇಡ. ಬೆಳಗಾಗಲಿ, ತಿಳಿದವರು ಬರಲಿ” ಎಂದು ಹೇಳಿ, ನೇರವಾಗಿ ಪೆಟ್ಟಿಗೆಯ ಬಳಿಗೆ ಹೋಗಿ, ಹಜಾರಕ್ಕೂ ಆ ಕೋಣೆಗೂ ಸೇರಿದ ಎಂ.ಸಿ.ಬಿ.ಯನ್ನು ಕೆಳಗಿಳಿಸಿಬಿಟ್ಟರು. ಹಜಾರವೂ ಕತ್ತಲಾಯಿತು. ಮಗ ಗೊಣಗಿದ. ಅಮ್ಮನವರ ಹಾಸಿಗೆಯನ್ನು ನಮ್ಮ ಕೋಣೆಗೆ ತಂದು ಹಾಸಿದೆವು.

ಮಲಗುವ ಮುನ್ನ ಅಮ್ಮನವರು ಒಂದು ಮಾತನ್ನಾಡಿದರು. “ನಾನು ಎಂಟು ದಿವಸದಿಂದ ಹೇಳ್ತಾನೇ ಇದ್ದೆ ಕಣಪ್ಪಾ, ಏನೋ ಕಮರು ವಾಸನೆ ಅಂತ. ನೀನು ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ.”

ಹೌದು, ಅವರು ಹೇಳಿದ್ದರು. ಎಣ್ಣೆ ತೀರಿದ ಹಣತೆಯಲ್ಲಿ ಬತ್ತಿ ಸುಡುವಾಗ ಬರುವಂಥ ವಾಸನೆಯೆಂದು ಹೋಲಿಕೆಯನ್ನೂ ಕೊಟ್ಟಿದ್ದರು. ಕೆಟಲು ಹಾಕಿದಾಗ ದೀಪ ಕಣ್ಣು ಮಿಟುಕಿಸುತ್ತದೆ ಎಂದೂ ಹೇಳಿದ್ದರು. ನಾವು ಒಂದು ಸಲ ಕೋಣೆಗೆ ಹೋಗಿ, ಮೂಗನ್ನೇರಿಸಿ, ಏನೂ ಕಾಣದೆ, “ಪಕ್ಕದ ಮನೆಯವರು ಕಸ ಸುಡುತ್ತಿರಬೇಕಮ್ಮಾ” ಎಂದು ಹೇಳಿ ಬಂದಿದ್ದೆವು. ವಯಸ್ಸಾದವರ ಮೂಗು, ವಯಸ್ಸಾದವರ ಕಣ್ಣು ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ನಿಜ.

ಮರುದಿನ ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ ಬಹುಕಾಲದಿಂದ ವೈರಿಂಗ್ ಕೆಲಸ ಮಾಡುತ್ತಿರುವ ಹಿರಿಯರೊಬ್ಬರು ಬಂದರು. ನಾವು ಟೆಸ್ಟರಿನ ವಿಚಿತ್ರವನ್ನು ವಿವರಿಸಿದೊಡನೆ ಅವರು ನಕ್ಕು, “ನ್ಯೂಟ್ರಲ್ ಕಡಿದಿದೆ ಸ್ವಾಮಿ. ಕೋಣೆಯಲ್ಲಿ ನೋಡಿ ಪ್ರಯೋಜನವಿಲ್ಲ, ಕೋಣೆಗೆ ಎಲ್ಲಿಂದ ಬರ್ತಾ ಇದೆ ಅಲ್ಲಿ ನೋಡಬೇಕು” ಎಂದರು. ಮೇನ್ ಸ್ವಿಚ್ಚನ್ನೇ ಆರಿಸಿ, ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ಪರೀಕ್ಷಿಸಿ ನೋಡಿ, ಹಜಾರದ ಮರದ ಪೆಟ್ಟಿಗೆಯನ್ನು ಬಿಚ್ಚಿದರು. ಒಳಗಿನ ದೃಶ್ಯವನ್ನು ಕಂಡು ನಾವು ಬೆವೆತೆವು. ಎರಡು ತಂತಿಗಳನ್ನು ಹೊಸೆದು ಬಟ್ಟೆಯ ಟೇಪು ಸುತ್ತಿದ್ದ ಗಂಟೊಂದು ಇದ್ದಿಲಾಗಿತ್ತು. ತಂತಿಯ ಮೇಲಿನ ಹೊದಿಕೆ ನಾಲ್ಕು ಬೆರಳಷ್ಟು ಉದ್ದ ಕರಗಿ ಜಾರಿತ್ತು. ಅದರ ಹಿಂದಿನ ಮರ ಒಂದು ರೂಪಾಯಿಯಗಲ ಕಪ್ಪಾಗಿ ಸುಟ್ಟಿತ್ತು. ಕಮರು ವಾಸನೆ ಈಗ ನಮ್ಮ ಮೂಗಿಗೂ ಸ್ಪಷ್ಟವಾಗಿ ಬಂದಿತು.

ಆ ಗಂಟು ಎಲ್ಲಿಂದ ಬಂತು? ಐದು ವರ್ಷಗಳ ಹಿಂದೆ ಅಮ್ಮನವರ ಕೋಣೆಗೆ ಒಂದು ಪ್ಲಗ್ಗು ಬೇಕೆಂದಾಗ, ಪೆಟ್ಟಿಗೆಯಿಂದಲೇ ಹೊಸ ತಂತಿ ಎಳೆಯಬೇಕು, ಗೋಡೆ ಕೊರೆಯಬೇಕು ಎಂದು ಒಬ್ಬರು ಹೇಳಿದ್ದರು. ಸುಣ್ಣಬಣ್ಣ ಕೆಡುವುದೆಂದೂ, ಖರ್ಚು ಹೆಚ್ಚೆಂದೂ ನಾವು ಒಪ್ಪದೆ, ಮತ್ತೊಬ್ಬರಿಂದ ಹಜಾರದ ತಂತಿಗೇ ಗಂಟು ಹಾಕಿಸಿ ಕೆಲಸ ಮುಗಿಸಿದ್ದೆವು. ಆದಕಾರಣ ಈ ಗಂಟನ್ನು ಹಾಕಿಸಿದವರು ನಾವೇ.

ಆ ಹಿರಿಯರು ಕೆಲಸ ಮಾಡುತ್ತ ಮಾಡುತ್ತ ಹೇಳಿದ ವಿಷಯಗಳನ್ನು ಎಲ್ಲರೂ ತಿಳಿಯುವುದು ಒಳ್ಳೆಯದು. ವಿದ್ಯುತ್ತು ಫೇಸಿನ ತಂತಿಯಲ್ಲಿ ಬಂದು, ದೀಪದ ಮೂಲಕ ಹಾದು, ನ್ಯೂಟ್ರಲ್ ತಂತಿಯಲ್ಲಿ ಹಿಂದಿರುಗಬೇಕು. ಹಿಂದಿರುಗುವ ದಾರಿ ಕಡಿದರೆ ದೀಪ ಆರುತ್ತದೆ. ಆದರೆ ಸ್ವಿಚ್ಚು ಹಾಕಿಯೇ ಇದ್ದರೆ ಫ್ಯಾನಿನ ಸುರುಳಿಯೊಳಗಿಂದ ಹಾದ ವಿದ್ಯುತ್ತು ಕಡಿದ ತುದಿಯವರೆಗೂ ಬಂದು ದಾರಿ ಕಾಯುತ್ತಿರುತ್ತದೆ. ನಮ್ಮ ಟೆಸ್ಟರು ಸುಳ್ಳು ಹೇಳಿರಲಿಲ್ಲ. ಆ ಕೋಣೆಯಲ್ಲಿ ಎರಡು ತಂತಿಗಳೂ 230 ವೋಲ್ಟಿನ ಅಪಾಯವನ್ನು ಹೊತ್ತು ನಿಂತಿದ್ದವು. ನ್ಯೂಟ್ರಲ್ ನಿರಪಾಯವೆಂದು ನಂಬಿ ಮಗ ಅದನ್ನು ಹಿಡಿದಿದ್ದರೆ, ಆ ವಿದ್ಯುತ್ತು ಅವನ ಮೂಲಕವೇ ನೆಲಕ್ಕೆ ದಾರಿ ಮಾಡಿಕೊಳ್ಳುತ್ತಿತ್ತು. ಅಂಥ ಸಮಯಕ್ಕೆಂದೇ ಆರ್.ಸಿ.ಸಿ.ಬಿ. ಇರುವುದೇನೋ ಸರಿ, ಸಾಮಾನ್ಯವಾಗಿ ಮನೆಗಳಲ್ಲಿ ಹಾಕುವಂಥದು 30 ಮಿಲಿಆಂಪಿಯರ್ ಸೋರಿಕೆಗೆ ಬೀಳುವಂತೆ ಮಾಡಿದ್ದು. ಆದರೆ ಅದನ್ನು ಮಗನ ಕೈಯಿಟ್ಟು ಪರೀಕ್ಷಿಸಲು ಯಾವ ತಂದೆಗೆ ಮನಸ್ಸು ಬಂದೀತು?

ಹಾಗಾದರೆ ಎಂಟು ದಿನ ಗಂಟು ಸುಡುತ್ತಿದ್ದರೂ ಎಂ.ಸಿ.ಬಿ. ಏಕೆ ಬೀಳಲಿಲ್ಲ? ಕೆಟಲು 1500 ವಾಟಿನದು. ಅದು ಎಳೆಯುವುದು ಸುಮಾರು ಆರೂವರೆ ಆಂಪಿಯರ್. ನಮ್ಮ ಎಂ.ಸಿ.ಬಿ. 16 ಆಂಪಿಯರಿನದು. ಅದರ ಲೆಕ್ಕದಲ್ಲಿ ಏನೂ ಹೆಚ್ಚಾಗಿರಲಿಲ್ಲ. ಆದರೆ ಸಡಿಲವಾದ ಗಂಟಿನಲ್ಲಿ ವಿದ್ಯುತ್ತಿನ ಹರಿವಿಗೆ ತಡೆ ಹುಟ್ಟುತ್ತದೆ. ತಡೆಯಿದ್ದಲ್ಲಿ ಹುಟ್ಟುವ ಶಾಖವು ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುವುದೆಂದು ಜೌಲ್ ಎಂಬ ಆಂಗ್ಲ ವಿಜ್ಞಾನಿ 1841ರಲ್ಲಿಯೇ ಪ್ರಕಟಿಸಿದನು. ಗಂಟಿನ ತಡೆ ಅರ್ಧ ಓಮ್ ಎಂದಿಟ್ಟುಕೊಂಡರೂ ಕೆಟಲು ಕಾಯುವಾಗಲೆಲ್ಲ ಅಲ್ಲಿ ಇಪ್ಪತ್ತೊಂದು ವಾಟಿನಷ್ಟು ಶಾಖ ಹುಟ್ಟುವುದು. ರೇಡಿಯೋ ರಿಪೇರಿಯವರು ಬೆಸುಗೆ ಹಾಕುವ ಕಡ್ಡಿಯ ಶಾಖಕ್ಕೆ ಇದು ಹೆಚ್ಚು ಕಡಮೆ ಸಮ. ಅಂಥ ಕಡ್ಡಿಯೊಂದನ್ನು ಮರದ ಪೆಟ್ಟಿಗೆಯೊಳಗೆ ಮುಚ್ಚಿಟ್ಟು ನಾವು ನಿದ್ದೆ ಮಾಡುತ್ತಿದ್ದೆವು. ಪ್ರವಾಹ ಮಿತಿಮೀರದೆ, ಎಲ್ಲಿಯೂ ಸೋರದೆ ಇದ್ದುದರಿಂದ ಎರಡು ಕಾವಲುಗಾರರಿಗೂ ಇದು ತಿಳಿಯಲೇ ಇಲ್ಲ. ತಿಳಿದದ್ದು ಅಮ್ಮನವರ ಮೂಗಿಗೆ ಮಾತ್ರ.

ಈ ಬಾರಿ ಗೋಡೆಯನ್ನು ಕೊರೆಸಿದೆವು. ಪೆಟ್ಟಿಗೆಯಿಂದ ಕೋಣೆಯವರೆಗೆ ನಡುವೆ ಗಂಟಿಲ್ಲದ, 2.5 ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಅರ್ತಿನ ತಂತಿಯೊಡನೆ ಎಳೆಸಿ, ಅದಕ್ಕೆ ಬೇರೆಯೇ ಎಂ.ಸಿ.ಬಿ. ಹಾಕಿಸಿದೆವು. ಹಳೆಯ ಮರದ ಪೆಟ್ಟಿಗೆಗಳನ್ನೆಲ್ಲ ತೆಗೆಸಿದೆವು. ಹಜಾರದ ಗೋಡೆಯ ಮೇಲೆ ಹೊಸ ಗಾರೆಯ ಗೆರೆಯೊಂದು ಈಗಲೂ ಕಾಣುತ್ತದೆ. ಅದರ ಮೇಲೆ ಬಣ್ಣ ಬಳಿಸುವ ಆತುರ ನಮಗಿಲ್ಲ.

ನಮ್ಮ ಸೀಮೆಗೆ ವಿದ್ಯುತ್ತು ನಿನ್ನೆ ಮೊನ್ನೆ ಬಂದುದಲ್ಲ. ಶಿವನಸಮುದ್ರದ ಜಲಪಾತದ ಶಕ್ತಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿಗಳನ್ನೂ, 1908ರಲ್ಲಿ ಮೈಸೂರನ್ನೂ ಬೆಳಗಿತು. ಇಷ್ಟು ತಲೆಮಾರು ಅದರೊಡನೆ ಬಾಳಿಯೂ ಅದು ಗೋಡೆಯ ಹಿಂದೆ ಹೇಗೆ ಬರುತ್ತದೆ, ಹೇಗೆ ಹೋಗುತ್ತದೆ ಎಂಬುದನ್ನು ನಾವು ತಿಳಿಯಲು ಹೋಗಿರಲಿಲ್ಲ. ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಬೆಳೆದ ಅಮ್ಮನವರಿಗೆ ಫೇಸು, ನ್ಯೂಟ್ರಲ್ ಎಂಬ ಹೆಸರುಗಳು ತಿಳಿಯವು. ಆದರೆ ಬತ್ತಿ ಸುಡುವ ವಾಸನೆ ಬಂದರೆ ಎದ್ದು ನೋಡಬೇಕೆಂಬುದು ತಿಳಿದಿತ್ತು.

ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ. ಒಂದೇ ಕೋಣೆ ಕತ್ತಲಾದರೆ, ಮೊದಲು ಆ ಕೋಣೆಯ ಪ್ಲಗ್ಗುಗಳನ್ನೆಲ್ಲ ಕಿತ್ತು ಸ್ವಿಚ್ಚುಗಳನ್ನು ಆರಿಸಿರಿ. ಎಂ.ಸಿ.ಬಿ. ಬಿದ್ದಿದ್ದರೆ ಒಂದು ಸಲ ಎತ್ತಿ ನೋಡಿರಿ. ಮತ್ತೆ ಬಿದ್ದರೆ ಹಟ ಹಿಡಿದು ಎತ್ತಬೇಡಿರಿ. ಬಿದ್ದಿರದಿದ್ದರೆ ನೀವೇ ಅದನ್ನು ಕೆಳಗಿಳಿಸಿ ಬಲ್ಲವರನ್ನು ಕರೆಯಿರಿ. ದೀಪ ಉರಿಯದ ತಂತಿಯಲ್ಲಿ ವಿದ್ಯುತ್ತಿಲ್ಲವೆಂದು ನಂಬಬೇಡಿರಿ. ಬೋರ್ಡು ಬಿಸಿಯಾದರೆ, ದೀಪ ಮಿಟುಕಿದರೆ, ಕಮರು ವಾಸನೆ ಬಂದರೆ, ಕತ್ತಲಾಗುವವರೆಗೆ ಕಾಯಬೇಡಿರಿ.

ಮೊನ್ನೆ ಅಮ್ಮನವರು ಮತ್ತೆ, “ಏನೋ ವಾಸನೆ ಬರ್ತಾ ಇದೆ ನೋಡಪ್ಪಾ” ಎಂದರು. ಊಟದ ತಟ್ಟೆಯನ್ನು ಬಿಟ್ಟು ಎದ್ದೆವು. ಮಗನೂ ಎದ್ದನು. ಮನೆಯನ್ನೆಲ್ಲ ಹುಡುಕಿದೆವು. ಈ ಸಲ ನಿಜವಾಗಿಯೂ ಪಕ್ಕದ ಮನೆಯವರು ಒಣಗಿದ ಎಲೆ ಸುಡುತ್ತಿದ್ದರು. ಹಿಂದಿರುಗಿ ಬಂದು ಹಾಗೆಂದು ಹೇಳಿದೆವು. “ಹಾಗಾದರೆ ಸರಿ, ಊಟ ಮಾಡಿ ಹೋಗಿ, ಆರಿಹೋಗುತ್ತೆ” ಎಂದು ಹೇಳಿ ಅವರು ಮಗ್ಗುಲು ಬದಲಿಸಿದರು.