ಚತುಚಕ್ ಸಂತೆಯ ಹಕ್ಕಿಗಳು

ಬ್ಯಾಂಕಾಕಿನ ಚತುಚಕ್ ಮಾರುಕಟ್ಟೆಯನ್ನು ನಾನು ಕಂಡದ್ದು 2019ರಲ್ಲಿ, ಇಬ್ಬರು ಮೊಮ್ಮಕ್ಕಳೊಡನೆ. ಅಳಿಯನ ಉದ್ಯೋಗದ ನಿಮಿತ್ತ ಮಗಳ ಸಂಸಾರ ಆಗ ಆ ನಗರದಲ್ಲಿತ್ತು. ಹುಡುಗಿಗೆ ಒಂಬತ್ತು ವರ್ಷ, ಅವಳ ತಮ್ಮನಿಗೆ ಆರು. ಮಕ್ಕಳನ್ನು ಅಜ್ಜ ಕರೆದೊಯ್ದರೆಂದು ಮನೆಯಲ್ಲಿ ಹೇಳುತ್ತಾರೆ. ವಾಸ್ತವವಾಗಿ ಕರೆದೊಯ್ದವರು ಅವರೇ. ಕಳೆದುಹೋದರೆ ನಡುವಣ ಗಡಿಯಾರ ಗೋಪುರದ ಕೆಳಗೆ ನಿಲ್ಲಬೇಕೆಂದು ಮಗಳು ಮಕ್ಕಳಿಗೆ ಬುದ್ಧಿ ಹೇಳಿ, ಅದೇ ಮಾತನ್ನು ನನಗೂ ಹೇಳಿ ಕಳುಹಿಸಿದ್ದಳು.

ಥಾಯ್ ಭಾಷೆಯಲ್ಲಿ ಇಂಥ ಮಾರುಕಟ್ಟೆಗೆ ‘ತಲಾತ್ ನತ್’ ಎಂದು ಹೆಸರು. ನತ್ ಎಂದರೆ ಮೊದಲೇ ಗೊತ್ತುಮಾಡಿಕೊಂಡ ಹೊತ್ತು. ಗೊತ್ತಾದ ದಿನ ನೆರೆಯುವ ಪೇಟೆ, ಅಂದರೆ ನಮ್ಮ ಸಂತೆಯೇ. ಈ ಸಂತೆ ಮೊದಲು ಅರಮನೆಯ ಬಳಿಯ ಸನಾಮ್ ಲುವಾಂಗ್ ಬಯಲಿನಲ್ಲಿ ನೆರೆಯುತ್ತಿತ್ತು. 1982ರಲ್ಲಿ ಈಗಿನ ಜಾಗಕ್ಕೆ ಬಂದಿತು. ಇಪ್ಪತ್ತೇಳು ವಿಭಾಗಗಳು, ಸಾವಿರಾರು ಮಳಿಗೆಗಳು. ತಗಡಿನ ಮಾಡುಗಳ ಅಡಿಯಲ್ಲಿ ಇಬ್ಬರು ಎದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಕಿರಿದಾದ ಓಣಿಗಳು. ಪಿಂಗಾಣಿ, ಹಳೆಯ ಉಡುಪು, ಮರದ ಕೆತ್ತನೆ, ಹೂಗಿಡ, ತೆಂಗಿನ ಚಿಪ್ಪಿನಲ್ಲಿ ಕೊಡುವ ಐಸ್‌ಕ್ರೀಮು, ಇವುಗಳ ವರ್ಣನೆಗೆ ನಾನು ತೊಡಗುವುದಿಲ್ಲ. ಪ್ರವಾಸಕಥನಗಳಲ್ಲಿ ಅದು ಬೇಕಾದಷ್ಟಿದೆ.

ನನ್ನ ಗಮನ ಸೆಳೆದದ್ದು ಹೆಸರು. ಉಚ್ಚಾರದಲ್ಲಿ ರೇಫ ಬಿದ್ದುಹೋಗಿ ಚತುಚಕ್ ಆಗಿದ್ದರೂ ಬರಹದಲ್ಲಿ ಅದು ಇಂದಿಗೂ ‘ಚತುಚಕ್ರ’. ಥಾಯ್ ಕಾಲಗಣನೆಯಲ್ಲಿ ಇಲಿ, ಎತ್ತು, ಹುಲಿ, ಮೊಲ ಎಂದು ಮೊದಲಾಗುವ ಹನ್ನೆರಡು ಪ್ರಾಣಿಗಳ ಹೆಸರಿನ ಹನ್ನೆರಡು ವರ್ಷಗಳಿಗೆ ಒಂದು ಚಕ್ರ. ದೊರೆ ಭೂಮಿಬೋಲ್ ಹುಟ್ಟಿದ 1927 ಮೊಲದ ವರ್ಷ. ಅವರಿಗೆ ನಲವತ್ತೆಂಟು ತುಂಬಿ ನಾಲ್ಕು ಚಕ್ರಗಳು ಪೂರ್ಣಗೊಂಡ 1975 ಮರಳಿ ಮೊಲದ ವರ್ಷ. ಅದರ ನೆನಪಿಗೆ ಮಾಡಿದ ಉದ್ಯಾನಕ್ಕೆ ಇಟ್ಟ ಹೆಸರು ಪಕ್ಕದ ಸಂತೆಗೂ ಬಂದಿತು. ಇದನ್ನೆಲ್ಲ ನಾನು ಮೊಮ್ಮಕ್ಕಳಿಗೆ ವಿವರಿಸುತ್ತಿದ್ದಂತೆ ಹುಡುಗ ಕೈ ಬಿಡಿಸಿಕೊಂಡು, “ಅಜ್ಜ, ಮೊಲ!” ಎಂದು ಓಡಿದ. ಪ್ರಾಣಿಗಳನ್ನು ಮಾರುವ ಓಣಿಗೆ ನಾವು ಬಂದಿದ್ದೆವು.

ಒಂದರ ಮೇಲೊಂದು ಏರಿಸಿದ ಪಂಜರಗಳು. ಮೊಲ, ಅಳಿಲು, ಆಮೆ, ನಾಯಿಮರಿ, ಪಾರದರ್ಶಕ ಚೀಲಗಳಲ್ಲಿ ಒಂಟೊಂಟಿ ಮೀನು. ನಮ್ಮೂರುಗಳಲ್ಲಿ ಲವ್‌ಬರ್ಡ್ಸ್ ಎಂದು ಮಾರುವ ಆಸ್ಟ್ರೇಲಿಯ ಮೂಲದ ಕಿರುಗಿಳಿಗಳು ಒಂದೇ ಕೋಲಿನ ಮೇಲೆ ಹೆಗಲಿಗೆ ಹೆಗಲು ತಾಗಿಸಿ ಕುಳಿತಿದ್ದವು. ಪ್ರಾಣಿಗೆ ಥಾಯ್ ಮಾತು ‘ಸತ್’. ಅದು ನಮ್ಮ ಸತ್ತ್ವವೇ, ಕೊನೆಯ ವಕಾರ ಬರಹದಲ್ಲಿ ಮಾತ್ರ ಉಳಿದಿದೆ. ಇದನ್ನು ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೊಮ್ಮಗಳು ತನ್ನ ಪುಟ್ಟ ಕೈಚೀಲವನ್ನು ತೆರೆದಿದ್ದಳು.

“ಅಜ್ಜ, ನನ್ನ ಹತ್ತಿರ ಇನ್ನೂರು ಬಾತ್ ಇದೆ. ಎಷ್ಟು ಹಕ್ಕಿ ಬಿಡಿಸಬಹುದು?”

ಈ ಪ್ರಶ್ನೆಗೆ ಹಿಂದಿನ ದಿನದ ಒಂದು ಪ್ರಸಂಗ ಕಾರಣ. ಒಂದು ಬೌದ್ಧ ದೇವಾಲಯದ ಬಾಗಿಲಲ್ಲಿ ಬಿದಿರಿನ ಪುಟ್ಟ ಬುಟ್ಟಿಗಳಲ್ಲಿ ರಾಟವಾಳದಂಥ ಕಿರುಹಕ್ಕಿಗಳನ್ನು ಮಾರುತ್ತಿದ್ದರು. ಕೊಂಡು ಹಾರಿಬಿಟ್ಟರೆ ಪುಣ್ಯ ಎಂಬುದು ಅಲ್ಲಿಯ ನಂಬಿಕೆ. ನನ್ನ ಪತ್ನಿ ಹಣ ಕೊಟ್ಟಳು, ಹುಡುಗಿ ಬುಟ್ಟಿಯ ಬಾಗಿಲು ತೆಗೆದಳು. ಹಕ್ಕಿಗಳು ಹಾರಿದಾಗ ಆ ಮಗುವಿನ ಮುಖ ನೋಡಬೇಕಿತ್ತು.

ನಾನು ಅಧ್ಯಾಪಕನ ದನಿಯಲ್ಲಿ ಹೇಳಿದೆ: ಈ ಗಿಳಿಗಳು ಪಂಜರದಲ್ಲೇ ಹುಟ್ಟಿದವು, ಹೊರಗೆ ಬಿಟ್ಟರೆ ಹಸಿವಿಗೋ ಕಾಗೆಗೋ ತುತ್ತಾಗುತ್ತವೆ. ನಾಲ್ಕನ್ನು ಕೊಂಡರೆ ಅಂಗಡಿಯವನು ಮರುವಾರ ಎಂಟನ್ನು ತರುತ್ತಾನೆ.

“ಹಾಗಾದರೆ ನಿನ್ನೆ ಬಿಟ್ಟವು?”

ಅವುಗಳನ್ನು ಬಿಡುವವರಿಗೆ ಮಾರಲೆಂದೇ ಹೊಲಗದ್ದೆಗಳಲ್ಲಿ ಬಲೆಯೊಡ್ಡಿ ಹಿಡಿಯುತ್ತಾರೆಂದು ಹೇಳಬೇಕಾಯಿತು.

“ನಿಮಗೆ ನಿನ್ನೆಯೇ ಗೊತ್ತಿತ್ತೆ?”

ಗೊತ್ತಿತ್ತು. ಅವಳ ಸಂತೋಷಕ್ಕೆ ಭಂಗ ಬಾರದಿರಲೆಂದು ಸುಮ್ಮನಿದ್ದೆ ಎಂದೆ. ಅವಳು ಕೈಚೀಲವನ್ನು ಮುಚ್ಚಿದಳು.

ಜನ್ನನ ಯಶೋಧರ ಚರಿತೆಯನ್ನು ನಾನು ಹಲವು ವರ್ಷ ತರಗತಿಯಲ್ಲಿ ಪಾಠ ಹೇಳಿದ್ದೇನೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟುದಕ್ಕಾಗಿ ತಾಯಿಮಗ ಜನ್ಮಜನ್ಮಾಂತರಗಳಲ್ಲಿ ಪಶುಪಕ್ಷಿಗಳಾಗಿ ತೊಳಲುವ ಕಥೆ. ಜೀವ ಹೋಗದಿದ್ದರೂ ಸಂಕಲ್ಪವೇ ಹಿಂಸೆ ಎಂದು ವಿದ್ಯಾರ್ಥಿಗಳಿಗೆ ಅನುಮಾನವಿಲ್ಲದೆ ಬೋಧಿಸಿದ್ದೆ. ಹಾಗಾದರೆ ಸಂಕಲ್ಪವೇ ದಯೆಯೂ ಆಗಬೇಕಲ್ಲವೆ? ಹುಡುಗಿಯ ಸಂಕಲ್ಪದಲ್ಲಿ ಕಲಂಕವಿರಲಿಲ್ಲ. ಅವಳು ಕೊಡಿಸಿದ ಹಣ ಮಾತ್ರ ಬಲೆಗೆ ನೂಲಾಗಿತ್ತು. ಎಲ್ಲವನ್ನೂ ತಿಳಿದು ಪಕ್ಕದಲ್ಲಿ ನಿಂತಿದ್ದವನ ಲೆಕ್ಕವನ್ನು ಯಾವ ಖಾತೆಗೆ ಬರೆಯಬೇಕು? ಆ ಪಾಠದಲ್ಲಿ ಈ ಪ್ರಶ್ನೆಯನ್ನು ನಾನು ಎಂದೂ ಎತ್ತಿರಲಿಲ್ಲ. ಇನ್ನೊಂದು ಸಂಗತಿಯೂ ಆ ಓಣಿಯಲ್ಲೇ ಹೊಳೆಯಿತು. ಬಲಿಗೆಂದು ಕೂಡಿಹಾಕಿದ ಪ್ರಾಣಿಗಳ ನಡುವೆ ನಿಂತು ಆ ಕಾವ್ಯದಲ್ಲಿ ಧರ್ಮವನ್ನು ತಿಳಿಸುವವರು ಎಳೆಯರಾದ ಅಣ್ಣತಂಗಿ, ಅಭಯರುಚಿ ಮತ್ತು ಅಭಯಮತಿ. ಕೇಳಿಸಿಕೊಳ್ಳಬೇಕಾದವನು ದೊರೆ ಮಾರಿದತ್ತ.

ಮೊಮ್ಮಗಳು ಅಲ್ಲಿಂದ ಕೂಡಲೇ ಹೊರಡಲಿಲ್ಲ. ಕೆಳಸಾಲಿನ ಒಂದು ಪಂಜರದಲ್ಲಿ ನೀರಿನ ಬಟ್ಟಲು ಒಣಗಿತ್ತು. ಅದನ್ನು ಬೆರಳಿಟ್ಟು ತೋರಿಸಿ, ಶಾಲೆಯಲ್ಲಿ ಕಲಿತ ಥಾಯ್ ಭಾಷೆಯಲ್ಲಿ, “ನಾಮ್, ನಾಮ್” ಎಂದಳು. ನೀರು, ನೀರು. ಅಂಗಡಿಯ ಹೆಂಗಸು ನಕ್ಕು, ಬಾಟಲಿ ತಂದು ತುಂಬಿಸಿದಳು. ಗಿಳಿಗಳು ಕೋಲಿನಿಂದ ಇಳಿಯುವವರೆಗೂ ಹುಡುಗಿ ಕಾದಳು. ಗಡಿಯಾರ ಗೋಪುರದ ಬಳಿ ತಮ್ಮ ಐಸ್‌ಕ್ರೀಮು ತಿಂದ, ಅವಳು ಬೇಡವೆಂದಳು. ಮನೆ ತಲುಪುವವರೆಗೆ ನನ್ನೊಡನೆ ಮಾತಾಡಲಿಲ್ಲ.

2024ರ ಜೂನ್ 11ರ ಬೆಳಗಿನ ಜಾವ ಚತುಚಕ್‌ನ ಪ್ರಾಣಿಮಳಿಗೆಗಳಿಗೆ ಬೆಂಕಿ ಬಿದ್ದಿತು. ನೂರಕ್ಕೂ ಹೆಚ್ಚು ಮಳಿಗೆಗಳು ಸುಟ್ಟವು. ಮನುಷ್ಯರು ಯಾರೂ ಸಾಯಲಿಲ್ಲ. ಬೀಗ ಹಾಕಿದ ಅಂಗಡಿಗಳೊಳಗೆ ಸುಮಾರು ಸಾವಿರ ಪ್ರಾಣಿಪಕ್ಷಿಗಳು ಸತ್ತವೆಂದು ವರದಿಯಾಯಿತು. ಮಗಳ ಸಂಸಾರ ಅಷ್ಟರಲ್ಲಿ ಬೆಂಗಳೂರಿಗೆ ಮರಳಿತ್ತು. ಮೊಮ್ಮಗಳಿಗೆ ಹದಿನಾಲ್ಕಾಗಿತ್ತು. ಸಂಜೆ ಅವಳೇ ದೂರವಾಣಿ ಮಾಡಿದಳು.

“ಅಜ್ಜ, ನಾವು ನೋಡಿದ ಗಿಳಿಗಳು ಯಾವಾಗಲೋ ಯಾರದಾದರೂ ಮನೆಗೆ ಹೋಗಿರುತ್ತವೆ, ಅಲ್ಲವೆ?”

ಐದು ವರ್ಷಗಳಾಗಿವೆ, ಹೋಗಿರಲೇಬೇಕು ಎಂದೆ. ಆಮೇಲೆ, ಆ ದಿನ ಅಲ್ಲಿದ್ದವು ಬೇರೆ ಗಿಳಿಗಳು ಎಂಬುದನ್ನೂ ಹೇಳಿದೆ.

“ಗೊತ್ತು ಅಜ್ಜ,” ಎಂದಳು.